ಔಷಧಿ ಕೊಡದ ಕೇಂದ್ರದಿಂದ ಯಾರಿಗೇನು ಸಿಕ್ಕಿತು? — ಸಂಪಾದಕರ ಉತ್ತರ

1920ರ ದಶಕದ ಅಮೆರಿಕದಲ್ಲಿ, ಕೇಂದ್ರ ಸರ್ಕಾರ ರಾಜ್ಯಗಳಿಗೆ ಹಣ ಕೊಟ್ಟ ಶೆಪರ್ಡ್-ಟೌನರ್ ಕಾಯ್ದೆಯಡಿ ನಡೆದ ತಾಯಿ-ಮಕ್ಕಳ ಆರೋಗ್ಯ ಕೇಂದ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಆರೋಗ್ಯ ಸಹಾಯಕಿಯಾಗಿ ನಿವೃತ್ತರಾದ ಹಾಸನದ ಓದುಗರೊಬ್ಬರು ಕೇಳಿದ್ದಾರೆ: "ಮಗುವನ್ನು ತೂಗಿ, ತಾಯಿಗೆ ಬುದ್ಧಿ ಹೇಳಿ, ಒಂದು ಚಮಚ ಔಷಧಿಯನ್ನೂ ಕೊಡದೆ ಕಳಿಸಿದವರನ್ನು ಹೊಗಳಿದ್ದೀರಿ. ಬಡವಳಿಗೆ ಬೇಕಾದದ್ದು ಉಪದೇಶವೇ?"

ಮೇಡಂ, ಈ ಪ್ರಶ್ನೆ ಆ ಕೇಂದ್ರಗಳನ್ನು ಕಟ್ಟಿದವರಿಗೂ ಗೊತ್ತಿತ್ತು. ಅಮೆರಿಕ ಸರ್ಕಾರದ ಮಕ್ಕಳ ಇಲಾಖೆ ಶುರುವಾದದ್ದು 1912ರಲ್ಲಿ; ಮೊದಲ ಮುಖ್ಯಸ್ಥೆ ಜೂಲಿಯಾ ಲ್ಯಾಥ್ರಾಪ್. ಅವರ ಸಿಬ್ಬಂದಿ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಉಕ್ಕಿನ ಊರಿನಲ್ಲಿ ಮನೆಮನೆಗೆ ಹೋಗಿ, ಅಪ್ಪನ ಸಂಪಾದನೆಯನ್ನೂ ಕೂಸಿನ ಅಳಿವು-ಉಳಿವನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ತೀರಾ ಕಡಿಮೆ ಕೂಲಿಯ ಮನೆಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 256 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಅನುಕೂಲಸ್ಥರ ಮನೆಗಳಲ್ಲಿ 84. ಬಡತನವೇ ಕೊಲ್ಲುತ್ತಿದೆ ಎಂದು ಅವರಿಗೆ ಅಂದೇ ಕಂಡಿತ್ತು.

ಆದರೆ ಕೂಲಿ ಹೆಚ್ಚಿಸುವುದು ಅವರ ಕೈಯಲ್ಲಿರಲಿಲ್ಲ. ಅಮೆರಿಕ ಸಂಸತ್ತಿನ ಮೊದಲ ಸದಸ್ಯೆ ಜೆನೆಟ್ ರ‍್ಯಾಂಕಿನ್ 1918ರಲ್ಲಿ ಮಂಡಿಸಿದ ಮಸೂದೆ ಶೆಪರ್ಡ್-ಟೌನರ್ ಕಾಯ್ದೆಯಾದದ್ದು 1921ರ ನವೆಂಬರಿನಲ್ಲಿ, ಹೆಂಗಸರಿಗೆ ದೇಶವಿಡೀ ಮತದ ಹಕ್ಕು ಸಿಕ್ಕ ಮರುವರ್ಷ. ಚಿಕಿತ್ಸೆ ಕೂಡದು, ನಗದು ನೆರವು ಕೂಡದು ಎಂಬ ಕಟ್ಟುಪಾಡಿಗೆ ಒಪ್ಪಿದ ಮೇಲೆಯೇ ಅದು ದಾಟಿತು. ಅಷ್ಟಾದರೂ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ಇಲಿನಾಯ್ ರಾಜ್ಯಗಳು ಕೊನೆಯವರೆಗೂ ಹಣ ಮುಟ್ಟಲಿಲ್ಲ. ಮ್ಯಾಸಚೂಸೆಟ್ಸ್ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೇ ಹೋಗಿ 1923ರಲ್ಲಿ ಸೋತು ಬಂತು.

ಇನ್ನು ಔಷಧಿಯ ಮಾತು. ಬೇಸಿಗೆಯ ಭೇದಿಗೆ 1925ರ ವೈದ್ಯರ ಚೀಲದಲ್ಲಿ ಏನಿತ್ತು, ಯೋಚಿಸಿ. ನೀವು ಸೇವೆಯಲ್ಲಿದ್ದಾಗ ಹಂಚಿರಬಹುದಾದ ಓಆರ್‌ಎಸ್ ಪೊಟ್ಟಣ ಇನ್ನೂ 40 ವರ್ಷಕ್ಕೂ ಹೆಚ್ಚು ದೂರವಿತ್ತು. ಎದೆಹಾಲು ಬಿಡಿಸಬೇಡಿ, ಹಾಲು ಕಾಯಿಸಿ, ಬಾಟಲಿ ಕುದಿಸಿ ಎಂದು ದಾದಿ ಹೇಳಿದ್ದೇ ಆಗ ಇದ್ದ ಮದ್ದು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನಾಂಗದ ಸೂಲಗಿತ್ತಿಯರಿಗೆ ಕೈ ತೊಳೆಯುವ ಕ್ರಮ, ಕೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುವುದು, ಜನನ ನೋಂದಣಿ ಎಲ್ಲ ಕಲಿಸಿದರು. ಆ ಹನಿಗಳಿಂದ ದೃಷ್ಟಿ ಉಳಿಸಿಕೊಂಡ ಮಕ್ಕಳನ್ನು ನಾನು ಉಪದೇಶದ ಲೆಕ್ಕಕ್ಕೆ ಸೇರಿಸಲಾರೆ. 1921ರಲ್ಲಿ ಸಾವಿರಕ್ಕೆ 76ರಷ್ಟಿದ್ದ ಶಿಶುಮರಣ 1929ರ ಹೊತ್ತಿಗೆ 68ರ ಸುಮಾರಿಗೆ ಇಳಿಯಿತು. ಅದರಲ್ಲಿ ಪಾಶ್ಚರೀಕರಿಸಿದ ಹಾಲಿಗೂ ಊರಿನ ಶುದ್ಧ ನೀರಿಗೂ ಪಾಲಿದೆ, ನಿಜ.

ಬಾಣಂತಿಯರ ವಿಷಯದಲ್ಲಿ ಮಾತ್ರ ನಿಮ್ಮ ಮಾತೇ ಸರಿ. ಅವರ ಸಾವು ಆ ದಶಕದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹೆರಿಗೆಯ ನಂತರದ ನಂಜಿಗೆ ಬುದ್ಧಿಮಾತು ನಾಟುವುದಿಲ್ಲ. ಅದಕ್ಕೆ ಸಲ್ಫಾ ಮದ್ದು ಬರಬೇಕಾಯಿತು, 1930ರ ದಶಕದ ಕೊನೆಗೆ.

ಚಿಕಿತ್ಸೆ ಬಿಟ್ಟುಕೊಟ್ಟರೂ ಅಮೆರಿಕದ ವೈದ್ಯಕೀಯ ಸಂಘ ಒಲಿಯಲಿಲ್ಲ. 1922ರಲ್ಲಿ ಅದರ ಮಕ್ಕಳ ವೈದ್ಯರ ವಿಭಾಗ ಕಾಯ್ದೆಯ ಪರ ನಿಂತದ್ದಕ್ಕೆ ಸಂಘ ಗದರಿತು. ಆ ಮನಸ್ತಾಪ 1930ರಲ್ಲಿ ಮಕ್ಕಳ ವೈದ್ಯರು ಪ್ರತ್ಯೇಕ ಅಕಾಡೆಮಿ ಕಟ್ಟುವವರೆಗೂ ಹೋಯಿತು. 1929ರ ಜೂನ್‌ನಲ್ಲಿ ಕಾಯ್ದೆಯ ಹಣವೇ ನಿಂತುಹೋಯಿತು. ಇದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಆ ನೆರವು ಮರಳಿತು. ನೀವು ಕೇಳುವ ಪೂರ್ತಿ ಚಿಕಿತ್ಸೆ, ವೈದ್ಯರು, ಆಸ್ಪತ್ರೆ, ಹೆರಿಗೆ ಎಲ್ಲವೂ ಉಚಿತವಾಗಿ, ಅದೇ ಮಕ್ಕಳ ಇಲಾಖೆಯ ಮೂಲಕ 1943ರಲ್ಲಿ ಸಿಕ್ಕಿತು. ಸೇನೆ ಸೇರಿದ ಕೆಳದರ್ಜೆಯ ಸೈನಿಕರ ಹೆಂಡಂದಿರಿಗೆ, ಕೂಸುಗಳಿಗೆ ಮಾತ್ರ, ಯುದ್ಧದ ತುರ್ತಿಗೆಂದು ಮಾತ್ರ.