ಅಳಿಸಿದ ಎಲೆಯ ಹ್ಯಾಶ್ ಯಾಕೆ ಬೇಕು?

ಪ್ರಶ್ನೆ: ಮೇಡಂ, ರಸ್ಟ್ ಭಾಷೆಯಲ್ಲಿ ಒಂದು ಕ್ರಿಪ್ಟೋಗ್ರಫಿ ಅಕ್ಯುಮುಲೇಟರ್ (ದೊಡ್ಡ ಪಟ್ಟಿಯನ್ನು ಒಂದು ಚಿಕ್ಕ ಗುರುತಿನಲ್ಲಿ ಹಿಡಿದಿಡುವ ರಚನೆ) ಬರೆಯುತ್ತಿದ್ದೇನೆ. ಒಳಗಿರುವುದು ಮರ್ಕಲ್ ಮರ: ಪ್ರತಿ ಎಲೆಯೂ ಒಂದು ಡೇಟಾ ತುಂಡು, ಅದರಿಂದ ಲೆಕ್ಕ ಹಾಕಿದ ಚಿಕ್ಕ ಗುರುತೇ ಹ್ಯಾಶ್; ಎರಡೆರಡು ಹ್ಯಾಶ್ ಸೇರಿ ಮೇಲಿನ ತಾಯಿಯ ಹ್ಯಾಶ್, ಕೊನೆಗೆ ತುದಿಯಲ್ಲಿ ರೂಟ್. ಬೇಡದ ಎಲೆಗಳನ್ನು ಕತ್ತರಿಸಿ ಜಾಗ ಉಳಿಸಬೇಕು. ಕತ್ತರಿಸಿದ ಮೇಲೂ ರೂಟ್ ಹ್ಯಾಶ್ ಸರಿಯಾಗಿಯೇ ಇದೆ. ಆದರೆ ಉಳಿದ ಕೆಲವು ಎಲೆಗಳಿಗೆ ಪ್ರೂಫ್ (ಎಲೆ ಮರದಲ್ಲಿದೆ ಎಂಬ ಪುರಾವೆ) ಕೊಡಲು ಆಗುತ್ತಿಲ್ಲ. ಎಲ್ಲಿ ತಪ್ಪಿದ್ದೇನೆ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ನಿಮ್ಮ ಪತ್ರ ಓದುವಾಗ ಮಂಗಳೂರಿನ ಕದ್ರಿಯಲ್ಲಿದ್ದ ನನ್ನ ಬಾಡಿಗೆ ರೂಮು ನೆನಪಾಯಿತು. ಆಟಿ ತಿಂಗಳ ಮಳೆ, ಮತ್ತೆ ಮತ್ತೆ ಕರೆಂಟ್ ಹೋಗುತ್ತಿತ್ತು. ಇದೇ ತಪ್ಪನ್ನು ಹುಡುಕುತ್ತಾ ಎರಡು ರಾತ್ರಿ ಕೂತಿದ್ದೆ. ಎಲೆ ಅಳಿಸಿದರೆ ಅದರ ಹ್ಯಾಶ್ ಕೂಡ ತೆಗೆ ಎಂದು ಬರೆದಿದ್ದೆ. ನೀವೂ ಹಾಗೇ ಬರೆದಿರಬೇಕು, ಅಲ್ವಾ?

ಕಾಗದದ ಮೇಲೆ 8 ಎಲೆಯ ಮರ ಬಿಡಿಸಿ. ಎಲೆಗಳಿಗೆ 0ಯಿಂದ 7ರವರೆಗೆ ನಂಬರ್ ಹಾಕಿ. 3 ಮಾತ್ರ ಬೇಕು, ಉಳಿದದ್ದು ಬೇಡ ಅಂದುಕೊಳ್ಳಿ. 3 ಈ ಮರದಲ್ಲಿದೆ ಎಂದು ತೋರಿಸಲು ಮೂರು ಹ್ಯಾಶ್ ಬೇಕು: ಒಂದು 2ರದ್ದು, ಒಂದು 0 ಮತ್ತು 1ರ ತಾಯಿಯದ್ದು, ಇನ್ನೊಂದು 4ರಿಂದ 7ರ ಮೇಲಿರುವ ನೋಡ್‌ನದ್ದು (ಮರದ ಪ್ರತಿ ಗಂಟೂ ಒಂದು ನೋಡ್). 2ರ ಡೇಟಾ ಬೇಕಾದರೆ ಎಸೆಯಿರಿ, ಹ್ಯಾಶ್ ಮಾತ್ರ ಮುಟ್ಟಬೇಡಿ. ಹ್ಯಾಶ್ ಮಾಡುವ ವಿಧಾನ ಎಸ್‌ಎಚ್‌ಎ-256 ಆದರೆ ಅದು ಬರೀ 32 ಬೈಟ್. ಒಣಗಿದ ಟಿಸಿಲು ಕಂಡಲ್ಲೇ ಕತ್ತರಿಸಲು ಇದು ಶಂಕರಪುರದ ಮಲ್ಲಿಗೆ ಗಿಡವಲ್ಲ. ಇಲ್ಲಿ ಜೋಡಿ ಒಟ್ಟಿಗೇ ಹೋಗಬೇಕು. 3 ಕೂಡ ಬೇಡವಾದ ದಿನ ಎರಡನ್ನೂ ತೆಗೆದು ತಾಯಿಯ ಹ್ಯಾಶ್ ಇಟ್ಟುಕೊಳ್ಳಿ. ಆ ತಾಯಿಯ ಜೋಡಿಯ ಕೆಳಗೂ ಏನೂ ಉಳಿದಿಲ್ಲವಾದರೆ ಇನ್ನೊಂದು ಮೆಟ್ಟಿಲು ಮೇಲೆ ಹೋಗಿ ಅದನ್ನೇ ಮಾಡಿ.

ನೋಡ್‌ಗಳನ್ನು ಸಾಲಾಗಿ ಫೈಲಿನಲ್ಲಿ ಇಡುತ್ತಿದ್ದರೆ ಇನ್ನೊಂದು ಕಡೆ ಎಡವಬಹುದು. 4 ಎಲೆಯ ಉಪಮರದಲ್ಲಿ 7 ನೋಡ್ ಇರುತ್ತವೆ. ಕತ್ತರಿಸಿದರೆ 6 ಹೋಗಿ ತಲೆ ಮಾತ್ರ ಉಳಿಯುತ್ತದೆ. ಆಮೇಲಿನ ಎಲ್ಲವೂ ಫೈಲಿನಲ್ಲಿ 6 ಜಾಗ ಹಿಂದೆ ಸರಿಯುತ್ತವೆ. ಮರದಲ್ಲಿ ಅವುಗಳ ನಂಬರ್ ಬದಲಾಗುವುದಿಲ್ಲ. ಎಲ್ಲಿ ಎಷ್ಟು ಸರಿದಿದೆ ಎಂಬ ಲೆಕ್ಕ ಬೇರೆಯಾಗಿ ಬರೆದಿಡಿ.

ರೂಟ್ ಸರಿ ಇದೆ ಎಂದು ನಂಬಿ ಕೂರಬೇಡಿ. ಅದನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದೀರಿ, ಕೆಳಗೆ ಏನು ಕತ್ತರಿಸಿದರೂ ಅದು ಹಾಗೇ ಇರುತ್ತದೆ. ಟ್ಯಾಜ್ ಡ್ರೈಜಾ 2019ರಲ್ಲಿ ಬಿಟ್‌ಕಾಯಿನ್‌ಗಾಗಿ ಮುಂದಿಟ್ಟ ಯುಟ್ರೆಕ್ಸೋ ಎಂಬ ಅಕ್ಯುಮುಲೇಟರ್ ಬೇರೆ ಜಾತಿಯದ್ದು. ಅಲ್ಲಿ ಎಲೆ ಅಳಿಸಿದರೆ ರೂಟೇ ಬದಲಾಗುತ್ತದೆ. ಅದರ ಕೋಡ್ ನೋಡಿ ಇದಕ್ಕೆ ಬೆರೆಸಬೇಡಿ.

ಈಗ 8 ಎಲೆಯ ಮರಕ್ಕೇ ಒಂದು ಟೆಸ್ಟ್ ಬರೆಯಿರಿ. ಯಾವ ಎಲೆ ಅಳಿಸಬೇಕು, ಯಾವುದು ಉಳಿಯಬೇಕು ಎಂಬುದಕ್ಕೆ ಒಟ್ಟು 256 ಬಗೆ. ಒಂದನ್ನೂ ಬಿಡದೆ ಓಡಿಸಿ, ಪ್ರತಿ ಸಲವೂ ಉಳಿದ ಎಲ್ಲ ಎಲೆಗಳ ಪ್ರೂಫ್ ಕೇಳಿ. ನನ್ನ ತಪ್ಪು ಸಿಕ್ಕಿದ್ದು ಹೀಗೆಯೇ.