ಕ್ಯಾಮೆರಾ ಹಿಡಿದರೆ ಮನಸ್ಸು ಶಾಂತವಾಗುವುದೇ? ಕಟಪಾಡಿಯ ಸದಸ್ಯರಿಗೆ ಉತ್ತರ

ನಮಸ್ಕಾರ. ಉಡುಪಿ ಬಳಿಯ ಕಟಪಾಡಿಯಿಂದ ನಮ್ಮ ಛಾಯಾಗ್ರಹಣ ಗುಂಪಿಗೆ ಬರೆದಿರುವ ಸದಸ್ಯರ ಪ್ರಶ್ನೆಯ ಸಾರ ಇಷ್ಟು: ಬ್ಯಾಂಕಿನ ಕೆಲಸದ ಒತ್ತಡ ಕಡಿಮೆಯಾಗಲೆಂದು ಹಿತೈಷಿಗಳ ಮಾತು ಕೇಳಿ ಕ್ಯಾಮೆರಾವನ್ನೂ ದೂರದ್ದನ್ನು ಹತ್ತಿರ ತೋರಿಸುವ 150-600 ಎಂ.ಎಂ. ಲೆನ್ಸನ್ನೂ ಕೊಂಡಿದ್ದಾರೆ, ಭಾನುವಾರ ಮಣಿಪಾಲದ ಮಣ್ಣಪಳ್ಳಕ್ಕೋ ಕೆಮ್ಮಣ್ಣಿನ ತೂಗುಸೇತುವೆಯ ಕಡೆಗೋ ಹೋಗಿ ಏಳೆಂಟು ನೂರು ಚಿತ್ರ ತೆಗೆದು ತರುತ್ತಾರೆ, ರಾತ್ರಿ ಅವನ್ನು ಅಳಿಸುತ್ತ ಕುಳಿತು, ಹೊರಡುವ ಮೊದಲಿಗಿಂತ ಹೆಚ್ಚು ದಣಿಯುತ್ತಾರೆ. ಪ್ರಕೃತಿ ಛಾಯಾಗ್ರಹಣ ಧ್ಯಾನದಂತೆ ಎನ್ನುವುದು ಬರಿಯ ಮಾತೇ, ಇಲ್ಲವೇ ಬೇರೆ ಲೆನ್ಸ್ ಕೊಳ್ಳಬೇಕೇ ಎಂದು ಅವರು ಕೇಳಿದ್ದಾರೆ. ಇದುವರೆಗಿನ ಉತ್ತರಗಳಲ್ಲಿ ಒಬ್ಬರು ಹೊಸ ಕ್ಯಾಮೆರಾ ಬಾಡಿ ಕೊಳ್ಳಲು ಹೇಳಿದ್ದಾರೆ, ಇನ್ನೊಬ್ಬರು ಕಬಿನಿಗೆ ಹೋಗಲು ಹೇಳಿದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿರುವ ಲೆನ್ಸೂ ತಮ್ಮ ಹತ್ತಿರದ ಮಟ್ಟು ಕಡಲತೀರವೂ ಸದ್ಯಕ್ಕೆ ಧಾರಾಳವಾಗಿ ಸಾಕು. ಬದಲಾಗಬೇಕಾದುದು ತಾವು ಚಿತ್ರಕ್ಕೆಂದು ಆರಿಸಿಕೊಳ್ಳುವ ಜೀವಿ.

ಹಾರುವ ಹಕ್ಕಿಯ ಬೆನ್ನು ಹತ್ತಿದವರ ಗಮನ ಸದಾ ಮುಂದಿನ ಕ್ಷಣದ ಮೇಲಿರುತ್ತದೆ. ಗರುಡ ಯಾವಾಗ ಎರಗುವುದೋ, ಮಿಂಚುಳ್ಳಿ ಯಾವಾಗ ಹಾರಿಬಿಡುವುದೋ ಎಂಬ ಅಳುಕಿನಲ್ಲಿ ಬೆರಳು ಗುಂಡಿ ಬಿಟ್ಟು ಏಳುವುದಿಲ್ಲ, ಕ್ಯಾಮೆರಾ ಒಂದೇ ಸಮನೆ ಚಿತ್ರಗಳನ್ನು ಕಕ್ಕುತ್ತಲೇ ಇರುತ್ತದೆ. ಇದು ಬ್ಯಾಂಕಿನ ಮಾರ್ಚ್ ಕೊನೆಯ ವಾರದ ಗಡಿಬಿಡಿಯೇ. ಗಾಳಿ ಮಾತ್ರ ಸ್ವಲ್ಪ ತಂಪು. ಇದಕ್ಕೆ ಬದಲಾಗಿ, ನಾವು ಅಲುಗಿದರೆ ಅಡಗುವ, ಸುಮ್ಮನೆ ಕುಳಿತರೆ ತಾನಾಗಿಯೇ ಹೊರಬರುವ ಒಂದು ಪ್ರಾಣಿಯನ್ನು ಆರಿಸಿಕೊಂಡರೆ, ಸುಮ್ಮನಿರುವ ಅಭ್ಯಾಸವನ್ನು ಆ ಪ್ರಾಣಿಯೇ ಮಾಡಿಸುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ಪ್ರಾಣಿ ಎಂದರೆ ಮರಳಿನ ಏಡಿ.

ಮಟ್ಟುವಿನಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಮಲ್ಪೆಯತ್ತ ಹರಿಯುವ ಉದ್ಯಾವರ ಹೊಳೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಕಡಲೆಕಾಳಿಗಿಂತ ಚಿಕ್ಕದಾದ ಮರಳಿನ ಉಂಡೆಗಳು ಒಂದು ತೂತಿನ ಸುತ್ತ ಸಾಲುಸಾಲಾಗಿ ಹರಡಿರುವುದನ್ನು ತಾವು ತುಳಿದುಕೊಂಡೇ ನಡೆದಿರುತ್ತೀರಿ. ಅವು ಬೆರಳ ತುದಿಯಷ್ಟೂ ಇಲ್ಲದ ಪುಟ್ಟ ಏಡಿಗಳ ಕೆಲಸ. ಏಡಿ ಮರಳನ್ನು ಚಿಮಟದಂತಹ ಮುಂಗಾಲಿನಿಂದ ಬಾಯಿಗೆ ಹಾಕಿ, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ಉಂಡೆ ಕಟ್ಟಿ ಪಕ್ಕಕ್ಕೆ ಬಿಡುತ್ತದೆ. ಭರತ ಬಂದಾಗ ಎಲ್ಲವೂ ಅಳಿಸಿಹೋಗುತ್ತದೆ. ಅದಕ್ಕಿಂತ ಮೇಲೆ, ಒಣಮರಳಿನ ಹತ್ತಿರ, ಮರಳಿನದೇ ಬಣ್ಣದ ದೊಡ್ಡ ಏಡಿಗಳ ಬಿಲಗಳಿರುತ್ತವೆ. ಹೆಜ್ಜೆಯ ಕಂಪನ ತಲುಪಿದ ಕೂಡಲೇ ಎಲ್ಲವೂ ಒಳಗೆ ಹೋಗುತ್ತವೆ, ತೀರ ಖಾಲಿಯಾಗಿ ಕಾಣುತ್ತದೆ. ಅಲ್ಲಿಯೇ, ಒಂದು ಬಿಲದಿಂದ ಮೂರು ಮೀಟರ್ ದೂರದಲ್ಲಿ, ಹಳೆಯ ಬೈರಾಸೋ ಗೋಣಿಯೋ ಹಾಸಿ ಕುಳಿತುಬಿಡಿ. ತಮ್ಮ ಲೆನ್ಸಿನ ವರ್ಗದವು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಮೀಟರ್ ಒಳಗೆ ಫೋಕಸ್ ಆಗುವುದಿಲ್ಲವಾದ್ದರಿಂದ ಈ ದೂರ ಅದಕ್ಕೂ ಸರಿಹೊಂದುತ್ತದೆ. ಕೆಲವು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಬಿಲದ ಬಾಯಿಯಲ್ಲಿ ಕಡ್ಡಿಯಂತಹ ತೊಟ್ಟುಗಳ ಮೇಲೆ ನಿಂತ ಎರಡು ಕಣ್ಣುಗಳು ಕಾಣಿಸುತ್ತವೆ. ತಾವು ಕೈ ಎತ್ತಿದರೆ ಮಾಯ. ಎತ್ತದಿದ್ದರೆ ಅರ್ಧ ಮೈ ಹೊರಗೆ ಬರುತ್ತದೆ, ಒಂದು ಕಣ್ಣನ್ನು ಮಡಚಿ ಒರೆಸಿಕೊಳ್ಳುತ್ತದೆ, ಕೊನೆಗೆ ತೋಳ್ತುಂಬ ಒದ್ದೆ ಮರಳು ತಂದು ಹೊರಗೆ ಎಸೆದು ಮತ್ತೆ ಒಳಗಿಳಿಯುತ್ತದೆ.

ಈ ಕಾಯುವಿಕೆಯಲ್ಲಿ ಕ್ಯಾಮೆರಾ ಮೊದಲಿನಿಂದಲೇ ಕಣ್ಣಿನ ಮಟ್ಟದಲ್ಲಿರಬೇಕು. ಮೊಣಕೈಗಳನ್ನು ಮೊಣಕಾಲ ಮೇಲೋ ಮರಳಿನ ಚೀಲದ ಮೇಲೋ ಊರಿರಬೇಕು. ಸೆಟ್ಟಿಂಗುಗಳನ್ನು ಕುಳಿತ ತಕ್ಷಣ ಒಮ್ಮೆ ಮಾಡಿ ಮರೆತುಬಿಡಿ: ಅಪರ್ಚರ್ ಪ್ರಯಾರಿಟಿ (ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆಯನ್ನು ಮಾತ್ರ ನಾವು ಆರಿಸುವ ವಿಧಾನ), ಆಟೋ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಅದೇ ಹೊಂದಿಸಿಕೊಳ್ಳುವುದು), ಕನಿಷ್ಠ ಶಟರ್ ವೇಗ 1/1000 ಸೆಕೆಂಡ್, ಒಂದೇ ಸಮನೆ ತೆಗೆಯುವ ಬರ್ಸ್ಟ್ ಬದಲು ಒತ್ತಿದಾಗ ಒಂದೇ ಚಿತ್ರ ಬರುವ ಸಿಂಗಲ್ ಶಾಟ್. ಬೀಪ್ ಸದ್ದನ್ನೂ, ತೆಗೆದ ಚಿತ್ರ ತಾನಾಗಿ ಪರದೆಯ ಮೇಲೆ ಮೂಡುವ ಇಮೇಜ್ ರಿವ್ಯೂವನ್ನೂ ಆಫ್ ಮಾಡಿ. ಕೊನೆಯದು ಸಣ್ಣ ವಿಷಯವೆಂದು ತೋರಬಹುದು, ಆದರೆ ಅಶಾಂತಿಯ ಮುಕ್ಕಾಲು ಪಾಲು ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಪ್ರತಿ ಚಿತ್ರಕ್ಕೂ ತಲೆ ತಗ್ಗಿಸಿ ಪರೀಕ್ಷಿಸುವವರು ಎದುರಿನ ಪ್ರಾಣಿಗಿಂತ ಹೆಚ್ಚು ಹೊತ್ತು ತಮ್ಮ ಫಲಿತಾಂಶವನ್ನೇ ನೋಡುತ್ತಿರುತ್ತಾರೆ.

ಉಸಿರಿನ ವಿಷಯವನ್ನೂ ಹೇಳಬೇಕು. ಕೈಯಲ್ಲಿ ಹಿಡಿದ ಲೆನ್ಸ್ ಅಲುಗಿ ಚಿತ್ರ ಮಸುಕಾಗದಿರಲು ಶಟರ್ ವೇಗ ಫೋಕಲ್ ಲೆಂಗ್ತಿನಷ್ಟಾದರೂ (ಲೆನ್ಸಿನ ಎಂ.ಎಂ. ಸಂಖ್ಯೆಯಷ್ಟಾದರೂ) ಇರಬೇಕು, ಅಂದರೆ 600 ಎಂ.ಎಂ.ಗೆ 1/600 ಸೆಕೆಂಡ್ ಎಂಬುದು ಹಳೆಯ ನಿಯಮ. ಸೂರ್ಯ ಇಳಿದ ಮೇಲೆ ಆ ವೇಗ ಸಿಗದಾಗ ಉಸಿರನ್ನು ನಿಧಾನವಾಗಿ ಬಿಟ್ಟು, ಬಿಟ್ಟು ಮುಗಿದ ಮೇಲಿನ ಸಣ್ಣ ಬಿಡುವಿನಲ್ಲಿ ಗುಂಡಿಯನ್ನು ಥಟ್ಟನೆ ಒತ್ತದೆ ಮೆಲ್ಲಗೆ ಹಿಂಡಿದಂತೆ ಒತ್ತುವುದು ರೂಢಿ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಆರಂಭಿಸಿದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ) ತರಬೇತಿಯಲ್ಲಿಯೂ ಗಮನವನ್ನು ಉಸಿರಿನ ಮೇಲೆ ನಿಲ್ಲಿಸುವುದೇ ಮೂಲ ಅಭ್ಯಾಸಗಳಲ್ಲೊಂದು. ನಮಗೆ ಇರುವ ಅನುಕೂಲವೆಂದರೆ, ಉಸಿರು ತಪ್ಪಿದ್ದರೆ ಏಡಿಯ ಕಣ್ಣು ಮಸುಕಾಗಿ ಬಂದಿರುತ್ತದೆ, ಆದ್ದರಿಂದ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ.

ಕ್ಯಾಮೆರಾ ಗಮನವನ್ನು ಕಸಿಯುತ್ತದೆ ಎಂಬ ಆಕ್ಷೇಪವನ್ನು ಇದೇ ಚರ್ಚೆಯಲ್ಲಿ ಒಬ್ಬರು ಎತ್ತಿದ್ದಾರೆ, ಅದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯದಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಬರೀ ನೋಡಲೂ ಕೆಲವನ್ನು ಚಿತ್ರ ತೆಗೆಯಲೂ ಹೇಳಿದರು. ಇಡಿಯಾಗಿ ಚಿತ್ರ ತೆಗೆದ ವಸ್ತುಗಳು ಮರುದಿನ ಅವರಿಗೆ ಕಡಿಮೆ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ನೆನಪು ಕುಂದಲಿಲ್ಲ, ಜೂಮಿನ ಹೊರಗಿದ್ದ ಭಾಗಗಳೂ ನೆನಪಿನಲ್ಲಿ ಉಳಿದಿದ್ದವು. 2014ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಕ್ಯಾಮೆರಾದ ವಿರುದ್ಧ ಉದ್ಧರಿಸುವವರು ಎರಡನೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇಡೀ ಕಡಲತೀರವನ್ನು ಬಾಚಿಕೊಳ್ಳುವ ಬದಲು ಒಂದೇ ಬಿಲದ ಮುಂದೆ ಕೂರಿರೆಂದು ನಾನು ಹೇಳುವುದು ಇದಕ್ಕಾಗಿಯೂ ಹೌದು.

ಏಡಿ ಬೇಸರವಾದರೆ ಏರೋಪ್ಲೇನ್ ಚಿಟ್ಟೆ ಒಳ್ಳೆಯದು. ಮಟ್ಟು ಗುಳ್ಳ ಎಂಬ ಬದನೆ ಬೆಳೆಯುವ ಗದ್ದೆಗಳ ಬದುವಿನಲ್ಲಿ ನೆಟ್ಟ ಕೋಲಿನ ತುದಿಯಿಂದ ಅದು ಹಾರಿದರೆ ಬೆನ್ನು ಹತ್ತಬೇಡಿ, ಎಷ್ಟೋ ಸಲ ಅದೇ ತುದಿಗೆ ಮರಳಿ ಬರುತ್ತದೆ. ಫೋಕಸನ್ನು ಖಾಲಿ ಕೋಲಿನ ಮೇಲೆಯೇ ಬಿಟ್ಟು ಕಾಯಿರಿ. ಗದ್ದೆಯ ಮಾಲೀಕರನ್ನು ಕೇಳಿ ಇಳಿಯುವುದು ಮರ್ಯಾದೆ, ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಮೀನಿನ ಬಲೆ) ಎಳೆಯುವವರ ಚಿತ್ರ ತೆಗೆಯುವುದಾದರೂ ಅಷ್ಟೇ. ಬಯಲಿನಲ್ಲಿ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿದರೆ ನೆಲದ ಮೇಲೆಲ್ಲೋ ಮೊಟ್ಟೆಗಳೋ ಮರಿಗಳೋ ಇರಬಹುದು. ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು, ಅಲ್ಲಿ ಚಿತ್ರದ ಪ್ರಶ್ನೆಯೇ ಇಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ನೋಡತಕ್ಕವೇ, ಆದರೆ ಭಾನುವಾರದ ಜನಜಂಗುಳಿಯಲ್ಲಿ, ಹಿಂತಿರುಗುವ ದೋಣಿಯ ಚಿಂತೆಯಲ್ಲಿ ಈ ಅಭ್ಯಾಸಕ್ಕೆ ಅದು ತಕ್ಕ ಜಾಗವಲ್ಲ.

ಮನೆಗೆ ಬಂದ ರಾತ್ರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಬೇಡಿ. ಅದರ ಬದಲು ಒಂದು ಪುಸ್ತಕದಲ್ಲಿ ಸಮಯ, ಗಾಳಿಯ ದಿಕ್ಕು, ನೀರು ಇಳಿಯುತ್ತಿತ್ತೋ ಏರುತ್ತಿತ್ತೋ, ಏಡಿ ಏನು ಮಾಡಿತು ಎಂದು ನಾಲ್ಕು ಸಾಲು ಬರೆಯಿರಿ. ಚಿತ್ರಗಳನ್ನು ಒಂದೆರಡು ದಿನ ಬಿಟ್ಟು ನೋಡಿದರೆ ಅಳಿಸುವುದು ಸುಲಭ. ಗುಂಪಿಗೆ ಹಾಕುವುದನ್ನು ಇನ್ನೂ ತಡಮಾಡಿ. ಇದೆಲ್ಲ ಮಾಡಿಯೂ ನಿದ್ರೆ ಬಾರದಿರುವುದು, ಕಾರಣವಿಲ್ಲದ ಭಯ ವಾರಗಟ್ಟಲೆ ಮುಂದುವರಿದರೆ ದಯವಿಟ್ಟು ವೈದ್ಯರನ್ನು ಕಾಣಿರಿ, ಕ್ಯಾಮೆರಾ ಔಷಧವಲ್ಲ.

ಹೊರಡುವ ಮೊದಲು ಮಲ್ಪೆ ಅಥವಾ ಮಂಗಳೂರಿನ ಭರತ-ಇಳಿತದ ವೇಳೆಯನ್ನು ಫೋನಿನಲ್ಲಿ ನೋಡಿಕೊಳ್ಳಿ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು ಮರಳು ತೆರೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಬದಿ ಬೇಡವೇ ಬೇಡ. ಆಗ ಅಂಗಳದ ಪಾಗಾರದ ಪಾಚಿ, ಬಸವನಹುಳು, ಏಣೆಲು (ಮಳೆಗಾಲದ ಭತ್ತದ ಬೆಳೆ) ಗದ್ದೆಯಲ್ಲಿ ಕುತ್ತಿಗೆ ಒಳಗೆಳೆದು ನಿಂತ ಕೊಳದ ಬಕ ಇವೆಲ್ಲ ಇವೆ. ಮಳೆಗಾಲದಲ್ಲಿ ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲಿ ಇಡದೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಕಡಲಿನಿಂದ ಬಂದ ದಿನ ಉಪ್ಪಿನಂಶವನ್ನು ತುಸು ಒದ್ದೆಯಾದ ಬಟ್ಟೆಯಿಂದ ಒರೆಸಿ ಆರಿಸಿ.

ಬೇರೆ ಲೆನ್ಸಿನ ಪ್ರಶ್ನೆಗೆ ಬಂದರೆ, ಒಂದು ಬೇಸಿಗೆ ಏಡಿಗಳ ಮುಂದೆ ಕುಳಿತ ಮೇಲೂ ಇನ್ನೂ ಹತ್ತಿರ ಹೋಗಬೇಕೆನಿಸಿದರೆ ತೀರ ಹತ್ತಿರದಿಂದ ಚಿತ್ರ ತೆಗೆಯುವ 90 ಅಥವಾ 100 ಎಂ.ಎಂ. ಮ್ಯಾಕ್ರೋ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಕೊಳ್ಳುವಾಗ ಅಪರ್ಚರನ್ನು ಪೂರ್ತಿ ತೆರೆದು ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ನೋಡಿ. ಗಾಜಿನೊಳಗೆ ಜೇಡನ ನೂಲಿನಂತಹ ಎಳೆಗಳು ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ.