8 ವರ್ಷದ ಮಗುವಿಗೆ ದೆವ್ವದ ಪತ್ತೇದಾರಿ ಪುಸ್ತಕ: ನಾನು ಮಾಡಿ ಕಲಿತದ್ದು

ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮಗಳಿಗೆ 8 ವರ್ಷ, ದೆವ್ವದ ಕತೆ ಅಂದರೆ ಪ್ರಾಣ, ಆದರೆ ರಾತ್ರಿ ಹೆದರುತ್ತಾಳೆ ಅಂದಿದ್ದೀರಿ. ನಿಮಗೆ ಸಿಕ್ಕಿದ್ದು ಒಂದೋ ಪುಟ್ಟ ಚಿತ್ರಪುಸ್ತಕ, ಇಲ್ಲಾ ದೊಡ್ಡವರ ಕಾದಂಬರಿ. ಅದಕ್ಕೆ ನೀವೇ ಬರೆದು, ಮೈದುನನ ಕೈಲಿ ಚಿತ್ರ ಬಿಡಿಸಬೇಕು ಅಂತಿದ್ದೀರಿ. ಎಷ್ಟು ಪುಟ, ಎಷ್ಟು ಹೆದರಿಸಬಹುದು, ಚಿತ್ರ ಹೇಗಿರಬೇಕು ಅಂತ ಕೇಳಿದ್ದೀರಿ. ನಮ್ಮ ಬೀದಿಯ ಮಕ್ಕಳಿಗಾಗಿ ನಾನು ಇಂಥ ಮೂರು ಪುಸ್ತಕ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ಮೊದಲು ದೆವ್ವ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಕತೆಯ ಕೊನೆಗೆ ಅದು ಏನು ಅಂತ ಗೊತ್ತಾಗಬೇಕು. ಅದು ಮಗು ಬೆಳಿಗ್ಗೆ ಎದ್ದು ಹೋಗಿ ಕಣ್ಣಾರೆ ನೋಡಬಹುದಾದ ಸಂಗತಿ ಆಗಿರಬೇಕು. "ಎಲ್ಲಾ ಕನಸು" ಅಂತ ಮುಗಿಸಬೇಡಿ. ಮಕ್ಕಳಿಗೆ ಮೋಸ ಮಾಡಿದ ಹಾಗೆ ಆಗುತ್ತದೆ.

ನನ್ನ ಎರಡನೇ ಪುಸ್ತಕದ ದೆವ್ವ ಗೂಬೆ. ಹಳೇ ಮನೆಯ ಅಟ್ಟ, ಪಾಳು ಗುಡಿ, ಗೋದಾಮುಗಳಲ್ಲಿ ಇರುತ್ತದಲ್ಲ, ಹೃದಯದ ಆಕಾರದ ಬಿಳಿ ಮುಖದ್ದು, ಅದೇ. ಪತ್ತೇದಾರಿ ಕತೆಗೆ ಇದಕ್ಕಿಂತ ಒಳ್ಳೆ ಪ್ರಾಣಿ ನನಗೆ ಸಿಕ್ಕಿಲ್ಲ. ಇದು ಗೂಗೂ ಅನ್ನುವುದಿಲ್ಲ, ಕರ್ಕಶವಾಗಿ ಕಿರುಚುತ್ತದೆ. ಮರಿಗಳು ಹಸಿದಾಗ ಯಾರೋ ಗೊರಕೆ ಹೊಡೆದ ಹಾಗೆ ಸದ್ದು ಮಾಡುತ್ತವೆ. ರೆಕ್ಕೆಯ ಗರಿಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಇರುವುದರಿಂದ ತಲೆ ಮೇಲೆ ಹಾರಿಹೋದರೂ ಸದ್ದೇ ಬರುವುದಿಲ್ಲ. ಯಾರೂ ಇಲ್ಲದ ಅಟ್ಟದಲ್ಲಿ ಗೊರಕೆ, ಕತ್ತಲಲ್ಲಿ ತೇಲಿಹೋಗುವ ಬಿಳಿ ಮುಖ. ಇನ್ನೇನು ಬೇಕು ಹೇಳಿ!

ಸುಳಿವು ಕೂಡ ಅದೇ ಬಿಟ್ಟುಹೋಗುತ್ತದೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮೂಳೆ, ಕೂದಲು ಅರಗುವುದಿಲ್ಲ. ಅದನ್ನು ಉಂಡೆ ಕಟ್ಟಿ ಬಾಯಿಂದ ಹೊರಗೆ ಹಾಕುತ್ತದೆ. ಹೆಬ್ಬೆರಳಿನ ಗಾತ್ರದ ಆ ಕಪ್ಪು ಉಂಡೆಯನ್ನು ನೀರಲ್ಲಿ ನೆನೆಸಿ ಬಿಡಿಸಿದರೆ ಇಲಿಯ ಪುಟ್ಟ ತಲೆಬುರುಡೆ ಸಿಗುತ್ತದೆ. ನನ್ನ ಕತೆಯ ಹುಡುಗಿ ಆರನೇ ಅಧ್ಯಾಯದಲ್ಲಿ ಇದನ್ನೇ ಮಾಡುತ್ತಾಳೆ. (ಕೈಗವಸು ಹಾಕಿಕೊಂಡು, ಆಮೇಲೆ ಸೋಪಿನಲ್ಲಿ ಕೈ ತೊಳೆದಳು ಅಂತ ಬರೆಯಿರಿ. ಓದಿದವರು ಮಾಡಿಯೇ ಮಾಡುತ್ತಾರೆ.) ಪುಸ್ತಕ ಓದಿದ ಇಬ್ಬರು ಹುಡುಗರು ಹಳೇ ಗೋದಾಮಿನ ಹತ್ತಿರ ಹೋಗಿ ಒಂದು ಉಂಡೆ ಹುಡುಕಿಕೊಂಡು ಬಂದರು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ. ಗೂಬೆ ಅಪಶಕುನ ಅಂತ ಓಡಿಸುವವರು, ಕಲ್ಲು ಹೊಡೆಯುವವರು ಈಗಲೂ ಇದ್ದಾರೆ. ನಮ್ಮ ಮಾತಲ್ಲೇ "ಗೂಬೆ ಕೂರಿಸೋದು" ಅಂತ ಇದೆಯಲ್ವಾ, ತಪ್ಪು ಮಾಡದವರ ಮೇಲೆ ತಪ್ಪು ಹೊರಿಸೋದು. ನನ್ನ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಅದನ್ನೇ ಹೆಸರು ಇಟ್ಟೆ.

ಇನ್ನೊಂದು ದಾರಿ ನಾವೆಲ್ಲ ಕೇಳಿದ ಸುದ್ದಿಗಳು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಎಷ್ಟೋ ಹಳ್ಳಿಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬರೆದದ್ದು ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದರೂ ಅದೇ ಕತೆ ಅನ್ನುತ್ತಿದ್ದರು. ಈಗಷ್ಟೇ ಓದು ಕಲಿತ ಮಗುವಿಗೆ ಇದು ಹೇಳಿ ಮಾಡಿಸಿದ ದೆವ್ವ. ದೆವ್ವಕ್ಕೂ ಓದೋಕೆ ಬರುತ್ತೆ! ಬೀದಿಯ ಬಾಗಿಲುಗಳಲ್ಲಿ ಯಾರೋ "ನಾಳೆ" ಅಳಿಸಿ "ಇವತ್ತು" ಅಂತ ಬರೆದಿದ್ದಾರೆ ಅಂದುಕೊಳ್ಳಿ. ಬರೆದದ್ದು ಸೀಮೆಸುಣ್ಣದಲ್ಲೋ ಕೆಮ್ಮಣ್ಣಿನಲ್ಲೋ, ನೆಲದಿಂದ ಎಷ್ಟು ಎತ್ತರದಲ್ಲಿದೆ, "ತ್ತು" ಬರೆದ ರೀತಿ ಯಾರ ನೋಟ್ ಪುಸ್ತಕದಲ್ಲಿದೆ, ಎಲ್ಲವೂ ಸುಳಿವು. ಮಗು ಅಕ್ಷರ ನೋಡಿಯೇ ಪತ್ತೆ ಮಾಡಬಹುದು. ಇದನ್ನು ನಾನು ಇನ್ನೂ ಬರೆದಿಲ್ಲ, ಬೇಕಾದರೆ ನೀವು ಬರೆಯಿರಿ.

ಒಂದು ಮಾತು. ಕರಾವಳಿಯ ಭೂತಗಳನ್ನು ಹೆದರಿಸುವ ದೆವ್ವ ಮಾಡಬೇಡಿ. ಅಲ್ಲಿ ಅವು ಜನ ನಂಬಿ ನಡೆದುಕೊಳ್ಳುವ ದೈವಗಳು. ಹಾಗೆಯೇ ಕೊನೆಗೆ ಸಿಕ್ಕಿಬೀಳುವವರು ಒಂಟಿ ಅಜ್ಜಿಯೋ, ಬೀದಿಯಲ್ಲಿ ಅಲೆಯುವವರೋ ಆಗುವುದು ಬೇಡ. ಮಕ್ಕಳು ಮರುದಿನ ಅಂಥವರನ್ನು ಅದೇ ಕಣ್ಣಲ್ಲಿ ನೋಡುತ್ತಾರೆ.

ಎಷ್ಟು ಹೆದರಿಸಬಹುದು ಅನ್ನುವುದನ್ನು ನಾನು ತಪ್ಪು ಮಾಡಿ ಕಲಿತೆ. ಮೊದಲ ಪುಸ್ತಕದಲ್ಲಿ ಸದ್ದು ಬರುತ್ತಿದ್ದದ್ದು ಬಚ್ಚಲುಮನೆಯಿಂದ. ಓದಿದ ಒಂದು ಹುಡುಗಿ ವಾರಗಟ್ಟಲೆ ರಾತ್ರಿ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ಅವರಮ್ಮ ಬಂದು ಹೇಳಿದಾಗ ನನಗೆ ತುಂಬಾ ಬೇಜಾರಾಯಿತು. ಕತೆ ಅಷ್ಟೇನೂ ಭಯಂಕರ ಇರಲಿಲ್ಲ, ಜಾಗ ತಪ್ಪಾಗಿತ್ತು. ಮಗು ದಿನಾ ರಾತ್ರಿ ಹೋಗಲೇಬೇಕಾದ ಕಡೆ ದೆವ್ವ ಇಡಬೇಡಿ. ಹಾಸಿಗೆ ಕೆಳಗೆ, ಬಚ್ಚಲು, ಮಲಗುವ ಕೋಣೆ ಕಿಟಕಿ ಬೇಡ. ಅಟ್ಟ, ಹಳೇ ಗಿರಣಿ, ಊರಾಚೆ ಗುಡಿ ಇರಲಿ. ಕತೆಯ ಮಗು ಒಬ್ಬಳೇ ಕತ್ತಲಿಗೆ ಹೋಗುವುದೂ ಬೇಡ, ಜೊತೆಗೆ ತಮ್ಮನೋ ನಾಯಿಯೋ ಇರಲಿ.

ಚಂದಮಾಮ ಓದಿದವರಿಗೆ ಬೇತಾಳ ನೆನಪಿರುತ್ತದೆ. ಶಂಕರ್ ಬಿಡಿಸಿದ ಆ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ. ನೋಡಲು ಎಷ್ಟು ಭಯಂಕರ! ಆದರೂ ನಾನಂತೂ ನಿದ್ದೆಗೆಟ್ಟಿಲ್ಲ. ಬೇತಾಳ ಪ್ರಶ್ನೆ ಕೇಳುತ್ತಿತ್ತಲ್ಲ, ಉತ್ತರ ಹುಡುಕುವುದರಲ್ಲಿ ಹೆದರಿಕೆ ಮರೆತುಹೋಗುತ್ತಿತ್ತು. ನಿಮ್ಮ ಅಧ್ಯಾಯವೂ ಹಾಗೇ ಒಂದು ಪ್ರಶ್ನೆಯಲ್ಲಿ ನಿಲ್ಲಲಿ, ಕಿರುಚಾಟದಲ್ಲಿ ಅಲ್ಲ.

ಈಗ ಚಿತ್ರ. ಮೈದುನನಿಗೆ ಮುಖ್ಯವಾಗಿ ಇದನ್ನು ಹೇಳಿ: ಬರಹದಲ್ಲಿ ಹೇಳದ ಸುಳಿವು ಚಿತ್ರದಲ್ಲಿ ಇರಬೇಕು. ನನ್ನ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಅಟ್ಟದ ಏಣಿಯ ಬುಡದಲ್ಲಿ ಎರಡು ಉಂಡೆ, ತೊಲೆಯ ಮೇಲೆ ಬಿಳಿ ಹಿಕ್ಕೆಯ ಗೆರೆ ಇವೆ. ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ಆರನೇ ಅಧ್ಯಾಯಕ್ಕೆ ಬಂದ ಮಕ್ಕಳು ಪುಟ ಹಿಂದೆ ತಿರುಗಿಸಿ "ಅಯ್ಯೋ, ಇಲ್ಲೇ ಇತ್ತು!" ಅನ್ನುತ್ತಾರೆ. ಮೊದಲ ಪುಟದಲ್ಲಿ ಮನೆಯ ನಕ್ಷೆ ಹಾಕಿ. ಜಗಲಿ, ನಡುಮನೆ, ಅಟ್ಟ, ಕೊಟ್ಟಿಗೆ, ಹಿತ್ತಲು. ಬೆರಳಿಟ್ಟು ನೋಡಿಕೊಂಡು ಓದುತ್ತಾರೆ.

ದೆವ್ವದ ಮುಖ ಬಿಡಿಸದೆ ನೆರಳು ಮಾತ್ರ ಬಿಡಿಸಿ. ರಾತ್ರಿ ಅಂತ ಇಡೀ ಪುಟಕ್ಕೆ ಕಪ್ಪು ಬಳಿಯಬೇಡಿ. ಜೆರಾಕ್ಸಿನಲ್ಲಿ ಅದು ಬಿಳಚಿಕೊಂಡು ತೇಪೆ ತೇಪೆ ಬರುತ್ತದೆ. ಪೆನ್ನಿನಲ್ಲಿ ಅಡ್ಡ ಉದ್ದ ಗೆರೆ ಹಾಕಿ ಕತ್ತಲು ಮಾಡಿ, ಲಾಟೀನಿನ ಬೆಳಕು ಬೀಳುವ ಕಡೆ ಬಿಳಿ ಬಿಡಿ. ಇನ್ನೊಂದು, ಉತ್ತರ ತೋರಿಸುವ ಚಿತ್ರ ಪ್ರಶ್ನೆಯ ಎದುರಿನ ಪುಟದಲ್ಲಿ ಬರಬಾರದು. ಓದುವ ಮೊದಲೇ ಕಣ್ಣು ಅಲ್ಲಿಗೆ ಹೋಗುತ್ತದೆ. ಬಲಗಡೆ ಪುಟದ ಕೊನೆ ಸಾಲಿನಲ್ಲಿ ಪ್ರಶ್ನೆ, ತಿರುಗಿಸಿದರೆ ಚಿತ್ರ, ಹೀಗೆ ಜೋಡಿಸಿ.

ಪುಟದ ಲೆಕ್ಕ ಸುಲಭ. ಎ4 ಹಾಳೆ ಮಡಚಿದರೆ 4 ಪುಟ. 12 ಹಾಳೆಗೆ 48 ಪುಟ. 8 ಅಧ್ಯಾಯ, ಒಂದೊಂದಕ್ಕೆ 5 ಪುಟ, ಅದರಲ್ಲಿ ಒಂದು ಪೂರ್ತಿ ಚಿತ್ರ. ಉಳಿದ 8 ಪುಟ ಹೆಸರು, ನಕ್ಷೆ, ಕೊನೆಗೆ ಗೂಬೆಯ ವಿಷಯಕ್ಕೆ. ಅಧ್ಯಾಯಕ್ಕೆ 300–350 ಪದ ಸಾಕು. ಇಂಗ್ಲಿಷಿನ ಲೆಕ್ಕ ನೋಡಿ ಹೆಚ್ಚು ಬರೆಯಬೇಡಿ, ನಮ್ಮ ಒಂದು ಪದದಲ್ಲಿ ಅವರ ಎರಡು ಮೂರು ಪದ ಇರುತ್ತವೆ. ಅಕ್ಷರ 16 ಪಾಯಿಂಟ್ ಇರಲಿ, ಸಾಲಿನ ನಡುವೆ ಧಾರಾಳ ಜಾಗ ಬಿಡಿ. ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿದರೆ ಹೊಸದಾಗಿ ಓದುವವರು ಅಲ್ಲೇ ಎಡವುತ್ತಾರೆ. ನೋಟೊ ಸೆರಿಫ್ ಕನ್ನಡ ಫಾಂಟ್ ಉಚಿತ, ಚೆನ್ನಾಗಿದೆ. ಮಾತುಗಳನ್ನು ಮನೆಯಲ್ಲಿ ಆಡುವ ಹಾಗೇ ಬರೆಯಿರಿ.

ಅಂಚಿನಲ್ಲಿ ಅರ್ಧ ಇಂಚಾದರೂ ಖಾಲಿ ಬಿಡಿ. ನಾನು ಮಾಡಿಸಿದ ಕಡೆ ಅಂಚು ಕತ್ತರಿಸುವಾಗ ಒಂದು ಉಂಡೆಯೇ ಹಾರಿಹೋಯಿತು, ಎಲ್ಲಾ ಪ್ರತಿಗೂ ಕೈಯಲ್ಲೇ ಮತ್ತೆ ಬಿಡಿಸಿದೆ.

ಮಗಳ ಓದಿನ ಅಳತೆ ಸಿಗಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ 3 ಮತ್ತು 4ನೇ ಹಂತದ ಕತೆಗಳನ್ನು ಓದಿಸಿ ನೋಡಿ, ದುಡ್ಡು ಕೊಡಬೇಕಾಗಿಲ್ಲ.

ಪೂರ್ತಿ ಬರೆಯುವವರೆಗೆ ಕಾಯಬೇಡಿ. ಮೊದಲ ಮೂರು ಅಧ್ಯಾಯ, ಪೆನ್ಸಿಲ್ ಚಿತ್ರದ ಜೊತೆ ಹಗಲು ಹೊತ್ತಲ್ಲಿ ಮಗಳಿಗೆ ಓದಿ ಹೇಳಿ. "ಅಟ್ಟದಲ್ಲಿ ಯಾರಿರಬಹುದು?" ಅಂತ ಕೇಳಿ ಸುಮ್ಮನಿರಿ. ತಕ್ಷಣ ಗೂಬೆ ಅಂದರೆ ಚಿತ್ರದ ಸುಳಿವನ್ನು ಇನ್ನಷ್ಟು ಮೂಲೆಗೆ ಸರಿಸಿ. ಏನೂ ಹೊಳೆಯದಿದ್ದರೆ ಒಂದು ಉಂಡೆ ಜಾಸ್ತಿ ಬಿಡಿಸಿ.